ಬೈಕಿನ ಹ್ಯಾಂಡಲ್ ಮೇಲೆ ಜಿಪಿಎಸ್: ಕಾಫಿ ಗುಡ್ಡಗಳ ಸವಾರಿಗೆ ಒಂದು ಕೈಪಿಡಿ

ಬೈಕಿಗೆ ಅಳವಡಿಸುವ ಜಿಪಿಎಸ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಉಪಗ್ರಹಗಳ ಸಂಕೇತ ಹಿಡಿದು ಬೈಕು ಭೂಮಿಯ ಮೇಲೆ ಎಲ್ಲಿದೆ ಎಂದು ಲೆಕ್ಕ ಹಾಕುವುದು ಮೊದಲನೆಯದು. ಆ ಸ್ಥಾನವನ್ನು ನಕ್ಷೆಯ ಮೇಲಿಟ್ಟು ಮುಂದಿನ ದಾರಿ ಸೂಚಿಸುವುದು ಎರಡನೆಯದು. ಮೊದಲ ಕೆಲಸದ ಹಿಂದೆ ಇರುವುದು ಭೌತವಿಜ್ಞಾನ. ಎರಡನೆಯದರ ಹಿಂದೆ ಇರುವುದು ನಕ್ಷೆ ತಯಾರಿಸಿದವರು ಕಲೆಹಾಕಿದ ಮಾಹಿತಿ. ಬಯಲುಸೀಮೆಯ ಹೆದ್ದಾರಿಯಲ್ಲಿ ಸಾಗುವಾಗ ಈ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಚಿಕ್ಕಮಗಳೂರಿನಿಂದ ಮಲ್ಲಂದೂರು ಹಾದು ಮುತ್ತೋಡಿ ಕಾಡಿನತ್ತ ಹೋಗುವ ರಸ್ತೆಯಲ್ಲಿ, ಮೂಡಿಗೆರೆಯ ತೋಟಗಳ ನಡುವೆ, ಕಳಸ–ಹೊರನಾಡಿನ ತಿರುವುಗಳಲ್ಲಿ ಅದು ಎದ್ದು ಕಾಣುತ್ತದೆ. ಅಲ್ಲಿ ಸ್ಥಾನ ಸರಿಯಾಗಿದ್ದೂ ದಾರಿ ತಪ್ಪಾಗಬಹುದು. ದಾರಿ ಸರಿಯಿದ್ದೂ ಸ್ಥಾನ ಕೆಲಹೊತ್ತು ತಪ್ಪಬಹುದು. ಸಾಧನದ ಆಯ್ಕೆ, ಅಳವಡಿಕೆ, ಬಳಕೆ ಮೂರನ್ನೂ ಈ ಅರಿವಿನ ಮೇಲೆ ನಿಲ್ಲಿಸಿಕೊಂಡರೆ ಮಲೆನಾಡಿನ ಸವಾರಿ ಸುರಕ್ಷಿತವಾಗುತ್ತದೆ.

ಸ್ಥಾನ ಗೊತ್ತಾಗುವ ಬಗೆ

ಅಮೆರಿಕದ ಜಿಪಿಎಸ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣ ಪ್ರಮಾಣದಲ್ಲಿ ಸಿದ್ಧವಾದದ್ದು 1995ರಲ್ಲಿ. ನಾಗರಿಕರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಲಾಯಿತು. ವಾಹನ ಸವಾರರಿಗೆ ಜಿಪಿಎಸ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಬಳಿಕವೇ. ಈ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಸ್ಥಾನವನ್ನೂ ಪರಮಾಣು ಗಡಿಯಾರದ ಸಮಯವನ್ನೂ ನಿರಂತರವಾಗಿ ಪ್ರಸಾರ ಮಾಡುತ್ತಿರುತ್ತದೆ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ರಿಸೀವರಿನ ಸ್ವಂತ ಗಡಿಯಾರದ ದೋಷ ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು.

ಈ ಲೆಕ್ಕದಲ್ಲಿ ಸಮಯದ ಸಣ್ಣ ತಪ್ಪೂ ದೊಡ್ಡ ದೂರವಾಗುತ್ತದೆ. ಒಂದು ಮೈಕ್ರೋಸೆಕೆಂಡಿನ ದೋಷ ಎಂದರೆ 300 ಮೀಟರ್ ತಪ್ಪು. ಸಾಪೇಕ್ಷತಾ ಸಿದ್ಧಾಂತದ ಪರಿಣಾಮದಿಂದ ಉಪಗ್ರಹದ ಗಡಿಯಾರ ಭೂಮಿಯ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ 11 ಕಿ.ಮೀ.ಗಳಷ್ಟು ದೋಷ ಕೂಡಿಕೊಳ್ಳುತ್ತಿತ್ತು. ಈ ಎಲ್ಲ ತಿದ್ದುಪಡಿಗಳ ಬಳಿಕ, ತೆರೆದ ಆಕಾಶದಡಿ ಸಾಮಾನ್ಯ ಮೊಬೈಲ್ ಫೋನು ಸುಮಾರು 5 ಮೀಟರಿನೊಳಗಿನ ನಿಖರತೆ ಕೊಡುತ್ತದೆ.

ಇಂದಿನ ಫೋನುಗಳು ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದು ವ್ಯವಸ್ಥೆಗಳ ಸಂಕೇತಗಳನ್ನೂ ಒಟ್ಟಿಗೆ ಬಳಸುತ್ತವೆ. ಭಾರತದ ನಾವಿಕ್ ಇದೇ ಸಾಲಿಗೆ ಸೇರಿದ್ದು, ಅದರ ದೊಡ್ಡ ಭಾಗ ಕರ್ನಾಟಕದಿಂದಲೇ ನಡೆಯುತ್ತದೆ. ಇಸ್ರೊ ಅದರ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು, ಮೊದಲ ಸರಣಿಯ ಏಳನೆಯದನ್ನು 2016ರ ಏಪ್ರಿಲ್ 28ರಂದು ಹಾರಿಸಿತು. ಸಮಯ ಮತ್ತು ಸಂಚರಣೆಯ ಲೆಕ್ಕಾಚಾರ ನಡೆಯುವ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳ ಮೇಲೆ ನಿಗಾ ಇಟ್ಟು ಆದೇಶ ಕಳುಹಿಸುವ ಕೇಂದ್ರಗಳಲ್ಲಿ ಒಂದು ಚಿಕ್ಕಮಗಳೂರಿನ ನೆರೆಯ ಹಾಸನದಲ್ಲಿದೆ. ಮೊದಲ ಸರಣಿಯ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ಸಾಮಾನ್ಯ ಫೋನುಗಳಿಗೆ ಅನುಕೂಲವಾಗುವ ಎಲ್1 ತರಂಗವನ್ನೂ ಅದು ಬಿತ್ತರಿಸುತ್ತದೆ. ನಾವಿಕ್ ಉಪಗ್ರಹಗಳು ಈ ಭಾಗದ ಆಕಾಶದಲ್ಲೇ ಉಳಿಯುವಂತೆ ಕಕ್ಷೆ ಆರಿಸಲಾಗಿದೆ. ಸುತ್ತಲೂ ಗುಡ್ಡ ಆವರಿಸಿದ ಕಣಿವೆಗೆ, ನೆತ್ತಿಯ ಹತ್ತಿರ ನಿಲ್ಲುವ ಉಪಗ್ರಹವೇ ಹೆಚ್ಚು ಉಪಯುಕ್ತ.

ನೆರಳು ಮರ, ಕಣಿವೆ ಮತ್ತು ಸಂಕೇತ

ಉಪಗ್ರಹದಿಂದ ನೆಲ ಮುಟ್ಟುವ ಸಂಕೇತದ ಬಲ ಒಂದು ವ್ಯಾಟಿನ ಕೋಟಿ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ. ಅದು ಬಂಡೆಯನ್ನು ತೂರಿ ಬರಲಾರದು. ಎಲೆಯನ್ನು ಹಾಯುವಾಗಲೂ ಕ್ಷೀಣಿಸುತ್ತದೆ. ಮಲೆನಾಡಿನ ಮಂಜು, ಮೋಡ, ಮಳೆಹನಿಗಳಿಂದ ಈ ತರಂಗಗಳಿಗೆ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ. ಅಡ್ಡಿಯಾಗುವುದು ಮಳೆಯಲ್ಲಿ ತೊಯ್ದ ದಟ್ಟ ಎಲೆಗಳ ಚಾವಣಿ. ಈ ಸೀಮೆಯ ಕಾಫಿ ಬೆಳೆಯುವುದು ಸಿಲ್ವರ್ ಓಕ್, ಹಲಸು, ಅತ್ತಿ ಮೊದಲಾದ ಮರಗಳ ನೆರಳಿನಲ್ಲಿ. ಹೀಗಾಗಿ ತೋಟದ ನಡುವಿನ ರಸ್ತೆಗಳಿಗೆ ಕಾಣುವ ಆಕಾಶವೇ ಕಿರಿದು. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮುಗಿದ ತೋಟದಲ್ಲಿ ಸಂಕೇತ ಚೆನ್ನಾಗಿ ಸಿಗುತ್ತದೆ. ಆಷಾಢದ ಹೊತ್ತಿಗೆ ಎಲೆ ತುಂಬಿ ತೊಯ್ದಾಗ ಅದೇ ರಸ್ತೆಯಲ್ಲಿ ನಿಖರತೆ ಕುಗ್ಗುತ್ತದೆ.

ಕಡಿದಾದ ಕಣಿವೆಯಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಗುಡ್ಡದ ಬಂಡೆಗೆ ತಾಗಿ ಪ್ರತಿಫಲಿಸಿ ಬಂದ ಸಂಕೇತ ನೇರ ಸಂಕೇತಕ್ಕಿಂತ ತಡವಾಗಿ ತಲುಪುತ್ತದೆ, ಸಾಧನ ಅದನ್ನು ಹೆಚ್ಚಿನ ದೂರವೆಂದು ಎಣಿಸುತ್ತದೆ. ಎಲ್1 ಜೊತೆಗೆ ಎಲ್5 ತರಂಗವನ್ನೂ ಹಿಡಿಯುವ ಫೋನುಗಳು ಈ ದೋಷವನ್ನು ಗಣನೀಯವಾಗಿ ತಗ್ಗಿಸುತ್ತವೆ. ಮಲೆನಾಡಿನಲ್ಲಿ ಬಳಸಲು ಹೊಸ ಫೋನು ಕೊಳ್ಳುವವರು ಈ ಎರಡು ತರಂಗಗಳ ಸೌಲಭ್ಯವನ್ನು ಕೇಳಿ ತಿಳಿಯುವುದು ಒಳ್ಳೆಯದು.

ಚಾರ್ಮಾಡಿಯಂಥ ಘಾಟಿಯಲ್ಲಿ ರಸ್ತೆ ತನ್ನ ಮೇಲೆಯೇ ಮಡಚಿಕೊಂಡು ಏರುತ್ತದೆ. ನಕ್ಷೆಯಲ್ಲಿ ಮೇಲಿನ ಮತ್ತು ಕೆಳಗಿನ ತಿರುವುಗಳ ನಡುವೆ ಅಂತರ ಬಹಳ ಕಡಿಮೆ. ತಂತ್ರಾಂಶವು ಸವಾರನ ಸ್ಥಾನವನ್ನು ಹತ್ತಿರದ ರಸ್ತೆಗೆ ಅಂಟಿಸುವುದರಿಂದ, ಬೈಕು ಕೆಳಗಿನ ಸುತ್ತಿನಲ್ಲಿದ್ದರೂ ಪರದೆ ಅದನ್ನು ಮೇಲಿನ ಸುತ್ತಿನಲ್ಲಿ ತೋರಿಸಬಹುದು. ಘಾಟಿಯ ನಡುವೆ ಕವಲು ದಾರಿಗಳಿಲ್ಲದಿರುವುದರಿಂದ ಇದರಿಂದ ಅಪಾಯವಿಲ್ಲ. ಕೂಡುರಸ್ತೆಯಲ್ಲಿ ನಿಂತಾಗ ಮಾತ್ರ ಎಚ್ಚರ ಬೇಕು. ಬೈಕು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಜಿಪಿಎಸ್ ತಿಳಿಯುವುದು ಚಲನೆಯಿಂದ. ನಿಂತಾಗ ಬಾಣದ ಗುರುತು ಎತ್ತೆತ್ತಲೋ ತಿರುಗುತ್ತದೆ. ಕೆಲವು ಮೀಟರ್ ಮುಂದೆ ಸಾಗಿದ ಮೇಲೆ ಅದು ಸರಿಹೋಗುತ್ತದೆ. ಆಯಸ್ಕಾಂತದ ಹೋಲ್ಡರ್‌ಗಳು ಫೋನಿನ ದಿಕ್ಸೂಚಿಯನ್ನು ಕೆಡಿಸಿ ಈ ಗೊಂದಲವನ್ನು ಹೆಚ್ಚಿಸುತ್ತವೆ.

ಯಾವ ಸಾಧನ?

ಬೈಕ್ ಸವಾರರ ಮುಂದೆ ಮೂರು ಆಯ್ಕೆಗಳಿವೆ. ಗಾರ್ಮಿನ್ ಜೂಮೊ, ಟಾಮ್‌ಟಾಮ್ ರೈಡರ್‌ನಂಥ ಸಾಧನಗಳು ಬೈಕಿಗೆಂದೇ ತಯಾರಾದವು. ಬಿಸಿಲಲ್ಲೂ ಓದಬಹುದಾದ ಪರದೆ, ಗ್ಲೌಸ್ ತೊಟ್ಟ ಬೆರಳಿಗೂ ಸ್ಪಂದಿಸುವ ಸ್ಪರ್ಶ, ನೀರು–ಅದುರುವಿಕೆ ತಾಳುವ ಕವಚ, ಒಳಗೇ ತುಂಬಿಕೊಂಡ ನಕ್ಷೆ ಇವುಗಳ ಬಲ. ಬೆಲೆ ಹೆಚ್ಚು, ನಕ್ಷೆಯನ್ನು ಆಗಾಗ ನವೀಕರಿಸುತ್ತಿರಬೇಕು.

ಎರಡನೆಯದು ವಾಹನದ ಮೀಟರಿನಲ್ಲೇ ಕೂಡಿಕೊಂಡ ದಾರಿಸೂಚಕ. ಟಿವಿಎಸ್ ಎನ್‌ಟಾರ್ಕ್ ಸ್ಕೂಟರ್ 2018ರಲ್ಲಿ ಬ್ಲೂಟೂತ್ ಮೂಲಕ ತಿರುವಿನ ಸೂಚನೆ ತೋರಿಸತೊಡಗಿತು. ಬೆಂಗಳೂರಿನ ಏಥರ್ ಅದೇ ವರ್ಷ ತನ್ನ ವಿದ್ಯುತ್ ಸ್ಕೂಟರಿನ ಪರದೆಯಲ್ಲೇ ನಕ್ಷೆ ತಂದಿತು. ರಾಯಲ್ ಎನ್‌ಫೀಲ್ಡ್ 2020ರ ನವೆಂಬರ್‌ನಲ್ಲಿ ಮೀಟಿಯರ್ 350 ಜೊತೆ ಟ್ರಿಪ್ಪರ್ ಎಂಬ ಪುಟ್ಟ ದುಂಡು ಪರದೆಯನ್ನು ಪರಿಚಯಿಸಿತು. ಟ್ರಿಪ್ಪರ್ ತೋರಿಸುವುದು ಬಾಣ ಮತ್ತು ದೂರವನ್ನು ಮಾತ್ರ. ಲೆಕ್ಕವೆಲ್ಲ ಜೇಬಿನಲ್ಲಿರುವ ಫೋನಿನಲ್ಲಿ ನಡೆಯುತ್ತದೆ. ಕಣ್ಣು ಪರದೆಯಲ್ಲಿ ಸಿಕ್ಕಿಕೊಳ್ಳದ ಕಾರಣ ತಿರುವು ತುಂಬಿದ ರಸ್ತೆಗೆ ಈ ಮಾದರಿ ಹಿತ.

ಮೂರನೆಯದು, ಬಹುಪಾಲು ಜನ ಬಳಸುವ ಮೊಬೈಲ್ ಫೋನು. ಗೂಗಲ್ ಮ್ಯಾಪ್ಸ್ ದ್ವಿಚಕ್ರ ವಾಹನಗಳಿಗೆಂದೇ ಪ್ರತ್ಯೇಕ ಆಯ್ಕೆಯನ್ನು 2017ರ ಡಿಸೆಂಬರ್‌ನಲ್ಲಿ ಮೊದಲಿಗೆ ಭಾರತದಲ್ಲೇ ಆರಂಭಿಸಿತು. ದೇಶೀಯ ಮ್ಯಾಪಲ್ಸ್, ಸ್ವಯಂಸೇವಕರು ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಓಎಸ್‌ಎಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಕೂಡ ಲಭ್ಯ. ಕೊನೆಯ ಎರಡು ಆಪ್‌ಗಳು ನಕ್ಷೆಯನ್ನು ಇಡಿಯಾಗಿ ಫೋನಿನಲ್ಲೇ ಇಟ್ಟುಕೊಳ್ಳುವುದರಿಂದ ಟವರ್ ಇಲ್ಲದ ಕಡೆಗೆ ಸೂಕ್ತ.

ಕೂರಿಸುವ ಕ್ರಮ

ಸಾಧನ ಕೂರುವ ಜಾಗ ಮೂರು ಷರತ್ತು ಪೂರೈಸಬೇಕು. ಸವಾರನ ನೋಟ ರಸ್ತೆಯಿಂದ ಆದಷ್ಟು ಕಡಿಮೆ ಇಳಿಯಬೇಕು. ಮೀಟರು, ಇಂಡಿಕೇಟರ್ ದೀಪಗಳು ಮರೆಯಾಗಬಾರದು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಹೋಲ್ಡರು ಟ್ಯಾಂಕಿಗೆ ತಗಲಬಾರದು. ಬ್ರೇಕ್, ಕ್ಲಚ್ ಕೇಬಲ್‌ಗಳನ್ನು ಒತ್ತಲೂಬಾರದು. ಹ್ಯಾಂಡಲಿನ ನಡುಭಾಗ ಅಥವಾ ಕನ್ನಡಿಯ ಬುಡ ಸಾಮಾನ್ಯವಾಗಿ ಇದಕ್ಕೆ ಒಗ್ಗುತ್ತದೆ. ಅನೇಕ ಬೈಕುಗಳ ಹ್ಯಾಂಡಲ್ ಕೊಳವೆಯ ವ್ಯಾಸ 22 ಮಿ.ಮೀ.; ಕ್ಲಾಂಪ್ ಕೊಳ್ಳುವ ಮುನ್ನ ಅಳತೆ ನೋಡಬೇಕು. ಕ್ಲಾಂಪಿನಡಿ ತೆಳು ರಬ್ಬರ್ ಹಾಕಿ ಬಿಗಿದರೆ ಜಾರುವುದಿಲ್ಲ. ಹೊಂಡ ಬಿದ್ದ ತೋಟದ ರಸ್ತೆಯಲ್ಲಿ ಓಡಾಡಿದ ಮೇಲೆ ಸ್ಕ್ರೂಗಳನ್ನು ಮತ್ತೆ ಬಿಗಿದುಕೊಳ್ಳಬೇಕು.

ಅದುರುವಿಕೆಯನ್ನು ಹಗುರವಾಗಿ ಎಣಿಸಬಾರದು. ಹೆಚ್ಚಿನ ಸಾಮರ್ಥ್ಯದ ಬೈಕ್ ಎಂಜಿನ್ನುಗಳ ಕಂಪನದಿಂದ ಫೋನಿನ ಕ್ಯಾಮೆರಾದ ಸ್ಥಿರೀಕರಣ ಭಾಗ ಹಾಳಾಗಬಹುದು ಎಂದು ಆಪಲ್ ಸಂಸ್ಥೆ 2021ರ ಸೆಪ್ಟೆಂಬರ್‌ನಲ್ಲಿ ತನ್ನ ಗ್ರಾಹಕರನ್ನು ಎಚ್ಚರಿಸಿತ್ತು. ದೊಡ್ಡ ಸಿಂಗಲ್ ಸಿಲಿಂಡರ್ ಎಂಜಿನ್ನಿನ ಬೈಕಿಗೆ ಕಂಪನ ತಗ್ಗಿಸುವ ರಬ್ಬರ್ ಡ್ಯಾಂಪರ್ ಇರುವ ಹೋಲ್ಡರನ್ನೇ ಆರಿಸಬೇಕು. ಬೆಲೆಬಾಳುವ ಫೋನಿನ ಬದಲು, ಬಳಕೆ ತಪ್ಪಿದ ಹಳೆಯ ಫೋನಿಗೆ ನಕ್ಷೆ ತುಂಬಿ ಹ್ಯಾಂಡಲಿಗೆ ಕೂರಿಸುವುದು ಜಾಣತನ. ಮುಖ್ಯ ಫೋನು ಜೇಬಿನಲ್ಲಿ ಸುರಕ್ಷಿತವಾಗಿ ಉಳಿಯುತ್ತದೆ, ತುರ್ತಿಗೂ ಒದಗುತ್ತದೆ.

ಮಳೆಗಾಲದಲ್ಲಿ ಪರದೆಯ ಮೇಲೆ ಬೀಳುವ ಹನಿಯನ್ನೇ ಫೋನು ಬೆರಳೆಂದು ತಿಳಿದು ತಾನಾಗಿ ಗುಂಡಿ ಒತ್ತಿಕೊಳ್ಳುತ್ತದೆ. ಐಪಿ67 ಎಂಬ ಗುರುತು ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳುವ ಪರೀಕ್ಷೆಯನ್ನು ಸೂಚಿಸುತ್ತದೆ. ವೇಗದಲ್ಲಿ ರಾಚುವ ಮಳೆಗೂ ತೆರೆದಿಟ್ಟ ಚಾರ್ಜಿಂಗ್ ರಂಧ್ರಕ್ಕೂ ಅದು ಅಭಯ ಕೊಡುವುದಿಲ್ಲ. ಪಾರದರ್ಶಕ ಚೀಲ ಮಳೆಗೆ ಅನುಕೂಲ. ಬೇಸಿಗೆಯಲ್ಲಿ ಅದರೊಳಗೆ ಫೋನು ಕಾದು, ಪರದೆ ಮಂಕಾಗಿ, ಕೊನೆಗೆ ಆರಿಹೋಗುವುದೂ ಉಂಟು. ಎರಡು ಋತುವಿಗೆ ಎರಡು ಬಗೆಯ ಹೋಲ್ಡರ್ ಇಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ.

ವಿದ್ಯುತ್ ಸಂಪರ್ಕ

ಪರದೆಯನ್ನು ಪ್ರಖರವಾಗಿ ಬೆಳಗಿಸಿಕೊಂಡು ಜಿಪಿಎಸ್ ಓಡಿಸುವ ಫೋನಿನ ಚಾರ್ಜು ಬೇಗ ಮುಗಿಯುತ್ತದೆ. ದುರ್ಬಲ ಟವರನ್ನು ಹುಡುಕುತ್ತಿರುವ ಫೋನು ಇನ್ನೂ ಬೇಗ ಬರಿದಾಗುತ್ತದೆ. ಬೈಕಿನ 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್, 2 ಆಂಪಿಯರ್ ಕೊಡುವ ಯುಎಸ್‌ಬಿ ಚಾರ್ಜರ್ ಅಳವಡಿಸಿದರೆ 10 ವ್ಯಾಟ್ ಸಿಗುತ್ತದೆ. ಬ್ಯಾಟರಿಯಿಂದ ಅದು ಎಳೆಯುವುದು ಒಂದು ಆಂಪಿಯರ್ ಆಸುಪಾಸು. ಎಂಜಿನ್ ಓಡುತ್ತಿರುವಾಗ ಬಹುತೇಕ ಬೈಕುಗಳಿಗೆ ಇದು ಹೊರೆಯಲ್ಲ.

ಬ್ಯಾಟರಿಯ ಧನ ತುದಿಯಿಂದ ಹೊರಡುವ ವೈರಿಗೆ, ತುದಿಯ ಸಮೀಪದಲ್ಲೇ 2 ಅಥವಾ 3 ಆಂಪಿಯರ್ ಫ್ಯೂಸ್ ಕಡ್ಡಾಯವಾಗಿ ಇರಬೇಕು. ವೈರ್ ಉಜ್ಜಿ ಹೊದಿಕೆ ಕಿತ್ತು ಲೋಹಕ್ಕೆ ತಗುಲಿದರೆ ಬೆಂಕಿಯನ್ನು ತಡೆಯುವುದು ಆ ಫ್ಯೂಸ್ ಮಾತ್ರ. ಋಣ ತುದಿಯನ್ನು ನೇರ ಬ್ಯಾಟರಿಗೇ ಸೇರಿಸುವುದು ಉತ್ತಮ. ಕೀ ತಿರುಗಿಸಿದಾಗ ಮಾತ್ರ ಚಾರ್ಜರಿಗೆ ವಿದ್ಯುತ್ ಹರಿಯುವಂತೆ ರಿಲೇ ಮೂಲಕ ಇಗ್ನಿಷನ್‌ಗೆ ಜೋಡಿಸಬೇಕು. ನೇರ ಜೋಡಿಸಿದ ಚಾರ್ಜರ್ ಕೆಲಸವಿಲ್ಲದಾಗಲೂ 20 ಮಿಲಿಆಂಪಿಯರ್ ಎಳೆಯಿತೆಂದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಖರ್ಚಾಗುತ್ತದೆ. 3 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ ಒಂದು ವಾರದೊಳಗೆ ಬರಿದಾಗಲು ಅಷ್ಟು ಸಾಕು. ಮಳೆ ಹಿಡಿದು ವಾರಗಟ್ಟಲೆ ಬೈಕು ಶೆಡ್ಡಿನಲ್ಲೇ ನಿಲ್ಲುವ ಊರುಗಳಲ್ಲಿ ಈ ಲೆಕ್ಕಕ್ಕೆ ಬೆಲೆಯಿದೆ. ವೈರುಗಳನ್ನು ಎಂಜಿನ್ನಿನ ಬಿಸಿಯಿಂದ ದೂರ ಸಾಗಿಸಿ, ಹ್ಯಾಂಡಲ್ ತಿರುಗುವ ಕಡೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಬೇಕು. ವಾರಂಟಿಯಲ್ಲಿರುವ ಬೈಕಿನ ಮೂಲ ವೈರಿಂಗ್ ಕತ್ತರಿಸದೆ, ಜೋಡಿಸುವ ಕನೆಕ್ಟರ್‌ಗಳನ್ನು ಬಳಸುವುದು ಕ್ಷೇಮ.

ಹೊರಡುವ ಮುನ್ನ

ಸ್ಥಾನ ತಿಳಿಯಲು ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ. ಉಪಗ್ರಹದ ಸಂಕೇತ ಸಾಕು. ನೆಟ್‌ವರ್ಕ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು ಮತ್ತು ಉಪಗ್ರಹಗಳ ಸದ್ಯದ ಕಕ್ಷೆಯ ವಿವರವನ್ನು ಬೇಗ ಪಡೆಯಲು. ನೆಟ್‌ವರ್ಕ್ ಇಲ್ಲದಿದ್ದರೆ ಪ್ರತಿ ಉಪಗ್ರಹದಿಂದ ಆ ವಿವರವನ್ನು ನೇರವಾಗಿ ಪಡೆಯಲು ಸುಮಾರು 30 ಸೆಕೆಂಡು ಅಡೆತಡೆಯಿಲ್ಲದ ಸಂಕೇತ ಬೇಕು. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಹಿಡಿಯುತ್ತದೆ. ಮರದಡಿ ಬೈಕು ಓಡುತ್ತಿರುವಾಗ ಆ ಸಂಕೇತ ಪದೇ ಪದೇ ತುಂಡಾಗುತ್ತದೆ. ಆದ್ದರಿಂದ ಚಿಕ್ಕಮಗಳೂರು, ಮೂಡಿಗೆರೆ ಅಥವಾ ಕೊಟ್ಟಿಗೆಹಾರದಂಥ ತೆರೆದ ಜಾಗದಲ್ಲೇ ನಿಂತು ಜಿಪಿಎಸ್ ಸ್ಥಾನ ಹಿಡಿಯುವವರೆಗೆ ಕಾಯಬೇಕು. ಜಿಲ್ಲೆಯ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು.

ಗಮ್ಯವನ್ನು ಹೆಸರಿನಿಂದಷ್ಟೇ ಹುಡುಕುವುದು ಮೋಸಕ್ಕೆ ದಾರಿ. ಕೊಪ್ಪ ಎಂಬ ಊರು ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ, ಮಂಡ್ಯ ಜಿಲ್ಲೆಯಲ್ಲೂ ಇದೆ. ತಾಲ್ಲೂಕಿನ ಹೆಸರು ಸೇರಿಸಿ ಹುಡುಕಬೇಕು, ಇಲ್ಲವೇ ಅಕ್ಷಾಂಶ–ರೇಖಾಂಶ ಬಳಸಬೇಕು. ಅದನ್ನು ಬರೆಯುವ ಕ್ರಮದಲ್ಲೂ ಜಾಗ್ರತೆ ಬೇಕು. ಮುಳ್ಳಯ್ಯನಗಿರಿಯ ಅಕ್ಷಾಂಶ ದಶಮಾಂಶದಲ್ಲಿ 13.39. ಅದನ್ನು 13 ಡಿಗ್ರಿ 39 ನಿಮಿಷ ಎಂದು ತುಂಬಿದರೆ ಗುರುತು ಸುಮಾರು 29 ಕಿ.ಮೀ. ಉತ್ತರಕ್ಕೆ, ತರೀಕೆರೆಯ ದಿಕ್ಕಿಗೆ ಜಾರುತ್ತದೆ.

ಎತ್ತರದ ಅಂಕಿಯನ್ನೂ ತಿಳಿದು ಓದಬೇಕು. ಜಿಪಿಎಸ್ ಎತ್ತರವನ್ನು ಅಳೆಯುವುದು ಭೂಮಿಯ ಗಣಿತೀಯ ಆಕಾರದಿಂದ. ನಕ್ಷೆಗಳು ಅಳೆಯುವುದು ಸಮುದ್ರಮಟ್ಟದಿಂದ. ಜಗತ್ತಿನಲ್ಲೇ ಗುರುತ್ವದ ದೊಡ್ಡ ತಗ್ಗು ಇರುವುದು ಭಾರತದ ದಕ್ಷಿಣದ ಸಾಗರದಲ್ಲಿ. ಅದರ ಪ್ರಭಾವದಿಂದ ಈ ಭಾಗದಲ್ಲಿ ಎರಡರ ಅಂತರ ಸುಮಾರು 90 ಮೀಟರ್. ತಿದ್ದುಪಡಿ ಮಾಡದ ಆಪ್ ಮುಳ್ಳಯ್ಯನಗಿರಿಯ ಸುಮಾರು 1,930 ಮೀಟರ್ ಎತ್ತರವನ್ನು 1,840ರ ಆಸುಪಾಸು ತೋರಿಸಿದರೆ ಸಾಧನ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ.

ನಕ್ಷೆಯ ಮಾತು, ನೆಲದ ಮಾತು

ದಾರಿ ಹುಡುಕುವ ತಂತ್ರಾಂಶ ಕಡಿಮೆ ಸಮಯದ ಅಥವಾ ಕಡಿಮೆ ದೂರದ ದಾರಿಯನ್ನು ಆರಿಸುತ್ತದೆ. ಕಾಫಿ ಸೀಮೆಯಲ್ಲಿ ಆ ಗೆರೆ ಕೆಲವೊಮ್ಮೆ ಎಸ್ಟೇಟಿನ ಖಾಸಗಿ ರಸ್ತೆಯಾಗಿರುತ್ತದೆ, ಕೆಲವೊಮ್ಮೆ ಜೀಪು ಮಾತ್ರ ಏರಬಲ್ಲ ಮಣ್ಣುದಾರಿಯಾಗಿರುತ್ತದೆ. ಗೇಟು, ಕಾವಲುಗಾರ, ಜಿಗಟು ಮಣ್ಣು ಯಾವುದೂ ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ತಿಳಿಯುವುದಿಲ್ಲ. ಮುತ್ತೋಡಿಯ ಆಚೆ ಭದ್ರಾ ಹುಲಿ ಮೀಸಲು ಪ್ರದೇಶವಿದೆ. ಅಲ್ಲಿ ನಕ್ಷೆಯಲ್ಲಿ ರಸ್ತೆ ಕಂಡರೂ ಅರಣ್ಯ ಇಲಾಖೆಯ ಅನುಮತಿ ಮತ್ತು ಸಮಯವೇ ಅಂತಿಮ. ಮುಳ್ಳಯ್ಯನಗಿರಿಗೆ ಹೋಗುವವರಿಗೆ ಕೈಮರದ ಚೆಕ್‌ಪೋಸ್ಟಿನ ನಿಯಮ ಅನ್ವಯಿಸುತ್ತದೆ.

ಮಳೆಗಾಲದಲ್ಲಿ ನಕ್ಷೆ ಮತ್ತು ನೆಲದ ನಡುವಿನ ದೂರ ಇನ್ನೂ ಹೆಚ್ಚು. ಭದ್ರಾ ನದಿ ಉಕ್ಕಿದಾಗ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುವುದು ಆ ಭಾಗದವರಿಗೆ ಗೊತ್ತಿರುವ ಸಂಗತಿ. ಪರದೆಯ ಮೇಲೆ ಸೇತುವೆ ಆಗಲೂ ಹಾಗೆಯೇ ಇರುತ್ತದೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯಲ್ಲಿ ಸಂಚಾರವೇ ನಿಂತಿತ್ತು. ಅಂಥ ದಿನಗಳಲ್ಲಿ ಜಿಲ್ಲಾಡಳಿತದ ಪ್ರಕಟಣೆ, ಎದುರಿನಿಂದ ಬರುವ ಬಸ್ ಚಾಲಕರ ಮಾತು, ಊರ ಅಂಗಡಿಯವರ ಮಾಹಿತಿ ಆಪ್‌ಗಿಂತ ಮೇಲು. ಆಪ್ ತೋರಿಸುವ ಪ್ರಯಾಣದ ಅವಧಿಗೂ ಘಾಟಿಯಲ್ಲಿ ಒಂದಷ್ಟು ಸೇರಿಸಿಕೊಂಡು, ಕತ್ತಲಾಗುವ ಮೊದಲು ತಲುಪುವಂತೆ ಹೊರಡಬೇಕು.

ಈ ತೊಡಕನ್ನು ಕಳೆಯಲು ದಾರಿಯನ್ನು ಯಂತ್ರಕ್ಕೆ ಪೂರ್ತಿ ಬಿಡದೆ ಸವಾರನೇ ಕಟ್ಟಿಕೊಳ್ಳಬೇಕು. ಮೂಡಿಗೆರೆ, ಕೊಟ್ಟಿಗೆಹಾರ, ಬಾಳೂರು, ಕಳಸ ಎಂದು ನಡುವಿನ ಊರುಗಳನ್ನು ಒಂದೊಂದಾಗಿ ಸೇರಿಸಿದರೆ ತಂತ್ರಾಂಶ ಮುಖ್ಯ ರಸ್ತೆ ಬಿಟ್ಟು ಒಳದಾರಿ ಹಿಡಿಯುವುದಿಲ್ಲ. ಯಾರಾದರೂ ಮೊದಲೇ ಸವಾರಿ ಮಾಡಿ ದಾಖಲಿಸಿದ ಜಿಪಿಎಕ್ಸ್ ಕಡತ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದು ಲೆಕ್ಕ ಹಾಕಿ ಊಹಿಸಿದ ದಾರಿಯಾಗಿರದೆ ಚಕ್ರ ಉರುಳಿದ ಜಾಡೇ ಆಗಿರುತ್ತದೆ.

ಸವಾರಿಯಲ್ಲಿ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ ಬೈಕು 22 ಮೀಟರ್ ಕುರುಡಾಗಿ ಸಾಗಿರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಅಷ್ಟು ದೂರದೊಳಗೆ ಬಸ್ಸು ಎದುರಾಗಬಹುದು. ಹೀಗಾಗಿ ಸೂಚನೆಯನ್ನು ಕಣ್ಣಿಗಿಂತ ಕಿವಿಯಲ್ಲಿ ಪಡೆಯುವುದು ಲೇಸು. ಹೆಲ್ಮೆಟ್ಟಿನೊಳಗೆ ಕೂರುವ ಬ್ಲೂಟೂತ್ ಸ್ಪೀಕರನ್ನು, ತಿರುವಿನಲ್ಲಿ ಎದುರು ವಾಹನದ ಹಾರ್ನ್ ಕೇಳಿಸುವಷ್ಟು ಮೆಲ್ಲಗೆ ಇಟ್ಟುಕೊಳ್ಳಬೇಕು. ಅದನ್ನು ಕೂರಿಸಲು ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಪದರವನ್ನು ಕತ್ತರಿಸಕೂಡದು. ಪೆಟ್ಟನ್ನು ಹೀರಿಕೊಳ್ಳುವುದು ಆ ಪದರವೇ.

ಕಾನೂನೂ ಇದೇ ಮಾತು ಹೇಳುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಚಾಲನೆಯ ವೇಳೆ ಫೋನಿನಂಥ ಸಾಧನವನ್ನು ದಾರಿ ತಿಳಿಯಲು ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದು. ಮೋಟಾರು ವಾಹನ ಕಾಯ್ದೆಯ 184ನೇ ಕಲಂ, 2019ರ ತಿದ್ದುಪಡಿಯ ನಂತರ, ವಾಹನ ಓಡಿಸುತ್ತ ಫೋನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಊರಿನ ಹೆಸರು ತುಂಬುವುದು, ದಾರಿ ಬದಲಿಸುವುದು, ನಕ್ಷೆ ಹಿಗ್ಗಿಸುವುದು ಇವೆಲ್ಲ ಬೈಕು ನಿಲ್ಲಿಸಿದ ಮೇಲೆ ಮಾಡುವ ಕೆಲಸ.

ಅಪಘಾತವಾದಾಗ ಅಥವಾ ಬೈಕು ಕೆಟ್ಟು ನಿಂತಾಗ ಇದೇ ಸಾಧನ ಮತ್ತೊಂದು ಬಗೆಯಲ್ಲಿ ನೆರವಾಗುತ್ತದೆ. ಕಿಲೋಮೀಟರ್ ಕಲ್ಲು, ಅಂಗಡಿ, ಮನೆ ಯಾವುದೂ ಕಾಣದ ಕಡೆ ನಿಂತ ಜಾಗವನ್ನು ಬಾಯಲ್ಲಿ ವಿವರಿಸುವುದು ಕಷ್ಟ. ಅಕ್ಷಾಂಶ–ರೇಖಾಂಶವನ್ನು ದಶಮಾಂಶದ ಐದು ಸ್ಥಾನಗಳವರೆಗೆ ಹೇಳಿದರೆ ಸುಮಾರು ಒಂದು ಮೀಟರಿನಷ್ಟು ಸೂಕ್ಷ್ಮವಾಗಿ ಜಾಗ ಗುರುತಾಗುತ್ತದೆ. ಇಂಟರ್‌ನೆಟ್ ಸಿಗದ ಕಡೆಯೂ ಈ ಅಂಕಿಗಳನ್ನು ಎಸ್‌ಎಂಎಸ್‌ನಲ್ಲಿ ಕಳುಹಿಸಬಹುದು, 112ಕ್ಕೆ ಕರೆಮಾಡಿ ಓದಿ ಹೇಳಬಹುದು. ಪ್ರತಿಯೊಬ್ಬ ಸವಾರನೂ ತನ್ನ ಫೋನಿನಲ್ಲಿ ಆ ಅಂಕಿ ಎಲ್ಲಿ ಕಾಣುತ್ತದೆ ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ನೋಡಿ ತಿಳಿದಿರಬೇಕು. ಉಪಗ್ರಹ ಹೇಳುವ ಸ್ಥಾನವನ್ನು ನಂಬಿ. ನಕ್ಷೆ ಹೇಳುವ ದಾರಿಯನ್ನು ಸ್ಥಳೀಯರಲ್ಲಿ ಕೇಳಿ ಖಚಿತಪಡಿಸಿಕೊಂಡು ಮುಂದೆ ಸಾಗಿ.